ಕಾಲು ಮುರಿದವನು ಮನೆಯಲ್ಲಿರುವ ಬಗೆ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕಾಲಿನ ಎಲುಬು ಮುರಿದು ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಆಗೀಗ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಡಾಕ್ಟರರ ಕೆಲಸ ಒಂದೆರಡು ತಾಸಿನದು. ಅಲ್ಲಿಂದ ಮುಂದಿನ ನಾಲ್ಕೈದು ತಿಂಗಳ ಕೆಲಸವನ್ನು ಮಾಡಬೇಕಾದವನು ರೋಗಿ, ಅದೂ ಚಾಳಿನ ಒಂದು ಖೋಲಿಯಲ್ಲಿ. ಈ ಎರಡನೆಯ ಭಾಗವನ್ನು ಹೇಳಿಕೊಡುವವರು ಕಡಿಮೆ. ಹೋದ ಮಳೆಗಾಲದಲ್ಲಿ ಒದ್ದೆ ಮೆಟ್ಟಿಲ ಮೇಲೆ ಜಾರಿ, ಬಲಗಾಲಿನ ಮೊಣಕಾಲಿನಿಂದ ಕೆಳಗಿನ ಎರಡೂ ಎಲುಬು ಮುರಿದು, ಒಳಗೆ ಲೋಹದ ಸಲಾಕೆ ಹಾಕಿಸಿಕೊಂಡು ಬಂದವನು ನಾನು. ಡಾಕ್ಟರನಲ್ಲ, ಗಿರಣಿಯ ಕಾರಕೂನ. ಆದುದರಿಂದ ಇಲ್ಲಿ ಬರೆದುದನ್ನು ತಮ್ಮ ಡಾಕ್ಟರರ ಮಾತಿನ ಜೊತೆಗಿಟ್ಟು ಓದಬೇಕು. ಅವರ ಮಾತಿನ ಬದಲಿಗೆ ಅಲ್ಲ.

ಮೊದಲು ಆ ಸಲಾಕೆಯ ವಿಚಾರ. ಹಿಂದೆ ತೊಡೆಯ ಎಲುಬು ಮುರಿದರೆ ಕಾಲಿಗೆ ಭಾರ ಕಟ್ಟಿ, ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಬೆನ್ನಿಗೆ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ, ಮುರಿದ ಕಾಲಿಗಿಂತ ಮಲಗಿದ್ದುದರಿಂದಲೇ ಸತ್ತವರು ಉಂಟು. ಜರ್ಮನಿಯ ಗೆರ್ಹಾರ್ಡ್ ಕ್ಯುಂಚರ್ ಎಂಬ ಶಸ್ತ್ರವೈದ್ಯನು ಎಲುಬಿನೊಳಗಿನ ಪೊಳ್ಳಿನಲ್ಲಿಯೇ ಉದ್ದದ ಲೋಹದ ಮೊಳೆಯನ್ನು ತೂರಿಸುವ ವಿಧಾನವನ್ನು 1940ರಲ್ಲಿ ಇತರ ವೈದ್ಯರ ಮುಂದಿಟ್ಟನು. ಆಗ ಯುದ್ಧಕಾಲ. ಜರ್ಮನರ ಕೈಯಲ್ಲಿ ಸೆರೆಯಾಗಿದ್ದು ಬಿಡುಗಡೆ ಹೊಂದಿ ಬಂದ ಸೈನಿಕರ ಕ್ಷಕಿರಣ ಚಿತ್ರದಲ್ಲಿ ತೊಡೆಯೊಳಗೆ ಮೊಳೆಯನ್ನು ಕಂಡು ಎದುರು ಪಕ್ಷದ ವೈದ್ಯರು ಬೆರಗಾದರಂತೆ. ಈಗ ಸಲಾಕೆಯ ಎರಡೂ ತುದಿಗೆ ಅಡ್ಡ ತಿರುಪುಗಳನ್ನು ಹಾಕಿ, ಎಲುಬು ತಿರುಚದಂತೆ ಬಂದೋಬಸ್ತು ಮಾಡುತ್ತಾರೆ. ಇದರ ಲಾಭವೆಂದರೆ ರೋಗಿಯು ಒಂದೆರಡು ದಿನಗಳಲ್ಲಿಯೇ ಎದ್ದು ಕೂಡಬಹುದು.

ಮೋಸ ಹೋಗುವುದೂ ಇಲ್ಲಿಯೇ. 'ಒಳಗೆ ಕಬ್ಬಿಣ ಹಾಕಿದ್ದಾರೆ, ಇನ್ನೇನು ಭಯ' ಎಂದು ನಮ್ಮವರು ತಿಳಿಯುತ್ತಾರೆ. ಸಲಾಕೆ ಎಲುಬನ್ನು ಕೂಡಿಸುವುದಿಲ್ಲ. ಕೂಡುವ ತನಕ ಅಲುಗದಂತೆ ಹಿಡಿದಿರುತ್ತದೆ, ಅಷ್ಟೇ. ಕೂಡಿಸುವುದು ದೇಹ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿ, ಆಮೇಲೆ ಮೃದುವಾದ ಅಂಟು ಬೆಳೆದು, ಅದಕ್ಕೆ ಸುಣ್ಣದಂಶ ಸೇರಿ ಗಟ್ಟಿಯಾಗಬೇಕು. ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಅದು ಒಂದು ಹೊತ್ತಿನಲ್ಲಿ ಪಟ್ಟನೆ ಮುರಿಯುವುದಿಲ್ಲವೇ? ಹಾಗೆಯೇ ಎಲುಬು ಕೂಡುವ ಮೊದಲು ದಿನವಿಡೀ ಭಾರ ಹಾಕಿದರೆ ಉಕ್ಕೂ ದಣಿಯುತ್ತದೆ. ನನ್ನ ಪಕ್ಕದ ಮಂಚದಲ್ಲಿದ್ದ ನೇಕಾರನೊಬ್ಬನು ಎರಡನೆಯ ಸಾರಿ ಬಂದಿದ್ದನು. ರಜೆ ತೀರಿತೆಂದು ಎರಡನೆಯ ತಿಂಗಳಿಗೇ ಮಗ್ಗದ ಮುಂದೆ ನಿಂತಿದ್ದನಂತೆ, ಎಂಟು ಎಂಟು ತಾಸು. ಸಲಾಕೆ ಮುರಿಯಿತು, ಮೊದಲಿನಿಂದ ಎಲ್ಲವೂ ಮತ್ತೆ. ಅವನದು ತಪ್ಪೆಂದು ನಾನು ಹೇಳಲಾರೆ. ಊರಿಗೆ ಹಣ ಹೋಗಬೇಕಾಗಿತ್ತು.

ಹಾಗೆಂದು ಎಲ್ಲರೂ ಕಾಲೂರಬಾರದು ಎಂಬ ನಿಯಮವೂ ಇಲ್ಲ. ಸೊಂಟದ ಕೀಲಿನ ಬಳಿ ಎಲುಬು ಮುರಿದ ಮುದುಕರನ್ನು, ಮೊಣಕಾಲಿನ ಕೀಲು ಬದಲಿಸಿದವರನ್ನು ಮರುದಿನವೇ ನಿಲ್ಲಿಸಿ ನಡೆಸುತ್ತಾರೆ. ಪಕ್ಕದ ಮನೆಯವನು ಯಾವಾಗ ನಡೆದನೆಂಬುದು ನಮಗೆ ಪ್ರಮಾಣವಲ್ಲ. ಮನೆಗೆ ಬಿಡುವಾಗ ಒಂದೇ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿರಿ: 'ಈ ಕಾಲಿನ ಮೇಲೆ ಎಷ್ಟು ಭಾರ ಹಾಕಲಿ, ಎಂದಿನಿಂದ?' ನನಗೆ ಆರನೆಯ ವಾರದಿಂದ ಹತ್ತು ಕಿಲೋ ಎಂದರು. ಹತ್ತು ಕಿಲೋ ಎಂದರೆ ಎಷ್ಟೆಂದು ಕಾಲಿಗೆ ಹೇಗೆ ತಿಳಿಯಬೇಕು? ಮನುಷ್ಯರ ತೂಕ ನೋಡುವ ಚಿಕ್ಕ ಯಂತ್ರವನ್ನು ಎರವಲು ತಂದು, ಒಳ್ಳೆಯ ಕಾಲಿನಡಿಗೆ ಅಷ್ಟೇ ಎತ್ತರದ ಹಲಗೆಯಿಟ್ಟು, ಕೆಟ್ಟ ಕಾಲಿನಿಂದ ಯಂತ್ರವನ್ನು ಮುಳ್ಳು ಹತ್ತಕ್ಕೆ ಬರುವಷ್ಟು ಒತ್ತಿ ನೋಡಿದೆನು. ನಾಲ್ಕು ದಿನಗಳಲ್ಲಿ ಕಾಲು ತಾನೇ ಲೆಕ್ಕ ಕಲಿಯಿತು.

ಇನ್ನು ಕಂಕುಳಕೋಲು; ಚಾಳಿನಲ್ಲಿ ಇದಕ್ಕೆ ಮರಾಠಿಯ 'ಕುಬಡಿ' ಎಂಬ ಹೆಸರೇ ರೂಢಿ. ನನಗೆ ಕೊಟ್ಟ ಜೋಡಿಯನ್ನು ಯಾರೂ ಅಳೆದು ನೋಡಲಿಲ್ಲ, ಉದ್ದವಾಗಿತ್ತು. ಅದರ ಮೇಲೆ ಕಂಕುಳಿನಿಂದ ಜೋತುಬಿದ್ದು ಎಂಟು ದಿನ ತಿರುಗಾಡಿದೆನು. ಒಂಬತ್ತನೆಯ ದಿನ ಬೆಳಿಗ್ಗೆ ಬಲಗೈ ಮಣಿಕಟ್ಟಿನಲ್ಲಿ ಮೇಲಕ್ಕೇಳಲೊಲ್ಲದು, ಹಿಡಿದ ಪೆನ್ನು ಜಾರುತ್ತದೆ. ಬರೆದು ಅನ್ನ ತಿನ್ನುವವನಿಗೆ ಕಾಲು ಹೋದರೂ ನಡೆದೀತು, ಕೈ ಹೋದರೆ? ಆ ದಿನ ನಾನು ಅತ್ತುದನ್ನು ಮುಚ್ಚಿಡುವುದಿಲ್ಲ. ಕಂಕುಳಿನಲ್ಲಿ ಹಾದುಹೋಗುವ ನರ ಒತ್ತಿಹೋಗಿ ಹೀಗಾಗುತ್ತದೆಂದೂ, ಒತ್ತಡ ತಪ್ಪಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆಂದೂ ಡಾಕ್ಟರರು ಹೇಳಿದರು. ಸರಿಹೋಗಲು ಏಳು ವಾರ ಹಿಡಿಯಿತು.

ಅಳತೆ ಹೀಗೆ. ದಿನವೂ ಮೆಟ್ಟುವ ಚಪ್ಪಲಿ ಹಾಕಿ ನೆಟ್ಟಗೆ ನಿಂತಾಗ ಕೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಕೈಹಿಡಿಯು, ತೋಳನ್ನು ಸಡಿಲ ಬಿಟ್ಟಾಗ ಮಣಿಕಟ್ಟು ಬರುವ ಎತ್ತರದಲ್ಲಿದ್ದು, ಹಿಡಿದಾಗ ಮೊಳಕೈ ಸ್ವಲ್ಪ ಬಾಗಿರಬೇಕು. ಭಾರವೆಲ್ಲ ಅಂಗೈ ಮೇಲೆ. ಕೋಲಿನ ಮೇಲ್ಭಾಗವನ್ನು ಪಕ್ಕೆಗೆ ಒತ್ತಿ ಹಿಡಿಯುವುದೇ ಹೊರತು ಅದರ ಮೇಲೆ ತೂಗಬಾರದು. ತುದಿಯ ರಬ್ಬರು ಬುಚ್ಚು ಸವೆದು ನುಣ್ಣಗಾದರೆ ಕೂಡಲೆ ಬದಲಿಸಬೇಕು; ನಲ್ಲಿಯ ಬಳಿ ಸೋಪಿನ ನೀರಿನಲ್ಲಿ ಸವೆದ ಬುಚ್ಚು ಎಂದರೆ ಮತ್ತೊಂದು ಎಲುಬು ಎಂದೇ ತಿಳಿಯಿರಿ.

ಮೆಟ್ಟಿಲಿಗೆ ಆಸ್ಪತ್ರೆಯ ಹುಡುಗಿ ಕಲಿಸಿದ ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೋಲು ಮತ್ತು ಕೆಟ್ಟ ಕಾಲು ಮುಂದೆ. ಕಠಡೆ ಗಟ್ಟಿಯಿದ್ದರೆ ಒಂದು ಕೈ ಅದರ ಮೇಲೆ. ನಮ್ಮ ಚಾಳಿನ ಕಠಡೆಯನ್ನು ನಂಬಿದವನ ಗತಿ ದೇವರೇ ಬಲ್ಲ. ಆದುದರಿಂದ ನಾನು ಮೊದಲ ತಿಂಗಳು ಮೆಟ್ಟಿಲ ಮೇಲೆ ಕುಳಿತೇ, ಬೆನ್ನು ಹಿಂದಾಗಿ, ಕೈಯೂರಿ ಒಂದೊಂದಾಗಿ ಹತ್ತಿದೆನು, ಇಳಿಯುವುದೂ ಕುಳಿತೇ. ಕೂಸುಗಳು ನಕ್ಕವು. ನಗಲಿ, ಅದರಷ್ಟು ಭದ್ರವಾದ ಉಪಾಯ ಬೇರೊಂದಿಲ್ಲ. ಎರಡೂ ಕೈಯಲ್ಲಿ ಕೋಲಿರುವಾಗ ಒಂದು ಲೋಟ ಚಹವನ್ನೂ ಒಯ್ಯಲಾಗದೆಂಬುದು ಅನುಭವಕ್ಕೆ ಬಂದ ಮೇಲೆಯೇ ತಿಳಿಯುತ್ತದೆ. ಕೊರಳಿಗೆ ಒಂದು ಬಟ್ಟೆಯ ಚೀಲ, ಅದರಲ್ಲಿ ಬಿರಡೆಯ ಬಾಟಲಿ, ಫೋನು, ಔಷಧ. ಇಷ್ಟಿದ್ದರೆ ಅರ್ಧ ದಿನ ಯಾರನ್ನೂ ಕೂಗಬೇಕಾಗಿಲ್ಲ.

ಎಲ್ಲಕ್ಕೂ ಕಠಿಣವಾದುದು ಶೌಚದ ಪ್ರಶ್ನೆ, ಅದನ್ನು ಯಾರೂ ಬರೆಯುವುದಿಲ್ಲ. ನಮ್ಮಲ್ಲಿ ಸಂಡಾಸು ಚಾಳಿನ ತುದಿಗೆ, ಕುಕ್ಕರಗಾಲಿನಲ್ಲಿ ಕೂಡುವಂಥದು, ಹೊರಗೆ ಸರದಿ. ಹೆಂಡತಿಯ ಕೈಯಲ್ಲಿ ಬಕೆಟ್ಟು ಹೊರಿಸಲು ನಾಚಿ, ನಾನು ಊಟ ಅರ್ಧಮಾಡಿ ನೀರನ್ನೇ ಬಿಟ್ಟುಬಿಟ್ಟೆನು. ನೋವಿನ ಗುಳಿಗೆಗಳಲ್ಲಿ ಕೆಲವು ಮೊದಲೇ ಮಲ ಕಟ್ಟುವಂಥವು. ಐದನೆಯ ದಿನಕ್ಕೆ ಹೊಟ್ಟೆ ಕಲ್ಲಾಯಿತು, ಮೂತ್ರದಲ್ಲಿ ಉರಿ. "ಕಾಲು ನಾವು ಕೂಡಿಸುತ್ತೇವೆ, ಈ ಅಭಿಮಾನವನ್ನು ಎಲ್ಲಿ ಕೂಡಿಸೋಣ?" ಎಂದು ಡಾಕ್ಟರರು ಬೈದರು. ನನ್ನ ಹೆಂಡತಿ ಮಾತ್ರ, "ನಿಮ್ಮ ತಾಯಿಗೆ ಎರಡು ವರ್ಷ ಮಾಡಲಿಲ್ಲೇನು ನಾನು?" ಎಂದು ಅಷ್ಟೇ ಕೇಳಿ, ಬಡಗಿಯ ಕಡೆಯಿಂದ ಹಳೆಯ ಕುರ್ಚಿಗೆ ತೂತು ಕೊರೆಯಿಸಿ ತಂದಳು. ಕೆಳಗೆ ಬಕೆಟ್ಟು, ಸುತ್ತ ಹಳೆಯ ಸೀರೆಯ ಪರದೆ. ಕುರ್ಚಿಗೆ ಕೈಯೂರಲು ತೋಳುಗಳಿರಬೇಕು, ಎತ್ತರ ಮೊಣಕಾಲಿಗಿಂತ ಕಡಿಮೆಯಿರಬಾರದು. ಸೊಂಟದ ಕೀಲು ಬದಲಿಸಿಕೊಂಡವರಿಗಂತೂ ಕೆಳಗೆ ಕೂಡುವುದು, ಕಾಲ ಮೇಲೆ ಕಾಲು ಹಾಕುವುದು ಡಾಕ್ಟರರು ಒಪ್ಪುವ ತನಕ ನಿಷಿದ್ಧ, ಕೀಲು ಜಾರೀತು. ಸ್ನಾನಕ್ಕೂ ಒಂದು ಸ್ಟೂಲು ಬೇಕು.

ಮಲಗಿರುವ ಕಾಲೆಂದರೆ ಸುಮ್ಮನಿರುವ ಕಾಲಲ್ಲ. ಬಾವು ಇಳಿಯಲು ದಿಂಬುಗಳ ಮೇಲೆ ಪಾದವನ್ನು ಎದೆಗಿಂತ ಎತ್ತರದಲ್ಲಿಡಬೇಕು. ಎಚ್ಚರವಿದ್ದಾಗ ತಾಸಿಗೊಮ್ಮೆ ಪಾದವನ್ನು ಹತ್ತಿಪ್ಪತ್ತು ಸಾರಿ ಮೇಲೆ ಕೆಳಗೆ ಆಡಿಸಬೇಕು. ಮೀನಖಂಡವು ರಕ್ತವನ್ನು ಮೇಲೊತ್ತುವ ಪಂಪಿದ್ದಂತೆ, ಅದು ನಿಂತರೆ ರಕ್ತ ಒಳಗೇ ಹೆಪ್ಪುಗಟ್ಟುತ್ತದೆ. ಮಂಡಿಯ ಕೆಳಗೆ ಸುತ್ತಿದ ಟವೆಲ್ಲನ್ನಿಟ್ಟು ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವ ತನಕ ಹಿಡಿದರೆ ತೊಡೆಯ ಸ್ನಾಯು ಕರಗುವುದಿಲ್ಲ. ಮೀನಖಂಡ ಒಮ್ಮೆಲೆ ಬಾತು ನೋಯುವುದು, ಎದೆನೋವು ಇಲ್ಲವೆ ಉಸಿರು ಕಟ್ಟುವುದು, ಗಾಯದಲ್ಲಿ ಕೀವು, ಚಳಿಜ್ವರ, ಬೆರಳು ತಣ್ಣಗಾಗಿ ನೀಲಿಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ನಡೆಯಬೇಕು. ಊರಿನಿಂದ ಬಂದ ಹಿರಿಯರು ಎಣ್ಣೆ ಹಚ್ಚಿ ತಿಕ್ಕುತ್ತೇವೆಂದರೆ ಕೈಮುಗಿದು ಬೇಡವೆನ್ನಿರಿ. ಹೆಪ್ಪುಗಟ್ಟಿದ ರಕ್ತವನ್ನು ತಿಕ್ಕಿ ಸಡಿಲಿಸಿದರೆ ಅದು ಎದೆಗೆ ಏರಬಲ್ಲದು. ಬೀಡಿ, ತಂಬಾಕು ಎಲುಬು ಕೂಡುವುದನ್ನು ತಡಮಾಡುತ್ತವೆ. ಊಟಕ್ಕೆ ಬೇಳೆ, ಶೇಂಗಾ, ಹಾಲು, ತತ್ತಿ, ಮತ್ತು ನಮ್ಮ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವುಂಟು. ಜೋಳದ ರೊಟ್ಟಿಯ ನಾಡಿನವನಾದ ನಾನೂ ಅಂಬಲಿ ಕುಡಿದೆನು.

ಕಡೆಗೆ ಪಗಾರದ ಮಾತು. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯಲ್ಲಿ ತಮ್ಮ ವಂತಿಗೆ ಕಡಿತವಾಗುತ್ತಿದೆಯೇ ಎಂಬುದನ್ನು ಎಲುಬು ಗಟ್ಟಿಯಿರುವಾಗಲೇ ಪಗಾರದ ಚೀಟಿಯಲ್ಲಿ ನೋಡಿಕೊಳ್ಳಬೇಕು. ಮನೆಯಲ್ಲಿ ಬಿದ್ದವನಿಗೆ ಕಾಯಿಲೆಯ ಭತ್ಯ, ಸರಾಸರಿ ದಿನಗೂಲಿಯ ನೂರಕ್ಕೆ 70ರಂತೆ, ವರ್ಷಕ್ಕೆ 91 ದಿನಗಳ ವರೆಗೆ. ಕೆಲಸದಲ್ಲಿ ಆದ ಪೆಟ್ಟಾದರೆ ನೂರಕ್ಕೆ 90ರಂತೆ, ಅಶಕ್ತತೆ ಇರುವ ತನಕ. 2010ರ ತಿದ್ದುಪಡಿಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸದೊಡನೆ ಅದರ ಸಂಬಂಧ ಸಿದ್ಧವಾದರೆ, ಇದರಲ್ಲಿ ಸೇರಿತು. ತೊಂಬತ್ತೊಂದು ದಿನ ಮೂರು ತಿಂಗಳು. ಎಲುಬು ಕೇಳುವುದು ನಾಲ್ಕರಿಂದ ಆರು. ಈ ನಡುವಿನ ಸಂದಿನಲ್ಲಿಯೇ ಬಡವನು ಕಾಲೂರಿ ಕೆಡುವುದು. ಎರಡು ವರ್ಷ ಸೇವೆಯಾದವರಿಗೆ, ಎಲುಬು ಕೂಡದಿರುವುದು ಇಲ್ಲವೆ ತಡವಾಗಿ ಕೂಡುವುದು ದೀರ್ಘಕಾಲದ ರೋಗಗಳ ಪಟ್ಟಿಯಲ್ಲಿದ್ದು ನೂರಕ್ಕೆ 80ರಂತೆ ಭತ್ಯ ಮುಂದುವರಿಯುವುದುಂಟು. ಡಾಕ್ಟರರ ಪ್ರಮಾಣಪತ್ರ ಬೇಕು, ಕೇಳಬೇಕು. ಕೆಲಸದ ಜಾಗದಲ್ಲಿ ಬಿದ್ದವರು ಅದೇ ದಿನ ಅಪಘಾತದ ಪುಸ್ತಕದಲ್ಲಿ ಬರೆಸಬೇಕು. ಆ ನೇಕಾರನು ಗಿರಣಿಯ ಒಳಗೇ ಬಿದ್ದಿದ್ದನು. ಬರೆಸಿರಲಿಲ್ಲ.

ನಾನು ಈಗ ಒಂದು ಕೋಲಿನ ಮೇಲೆ ನಡೆಯುತ್ತೇನೆ. ಅದನ್ನು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು, ಕೆಟ್ಟ ಕಾಲಿನ ಕಡೆ ಅಲ್ಲ. ನನ್ನ ಕಂಕುಳಕೋಲಿನ ಜೋಡಿಯೂ ತೂತಿನ ಕುರ್ಚಿಯೂ ವಾಚನಾಲಯದ ದೊಡ್ಡ ಕಪಾಟಿನ ಹಿಂದೆ ಇವೆ. ಬೇಕಾದವರು ಪುಸ್ತಕಗಳ ವಹಿಯಲ್ಲಿಯೇ ಸಹಿ ಮಾಡಿ ಒಯ್ಯಬಹುದು, ಎರಡು ವಾರದ ನಿಯಮ ಇವಕ್ಕಿಲ್ಲ. ಕೋಲಿನ ಎತ್ತರ ತಿರುಪಿನಿಂದ ಬದಲಾಗುತ್ತದೆ. ಎಡಗೋಲಿನ ಬುಚ್ಚು ಸವೆದಿದೆ, ಹೊಸದನ್ನು ಹಾಕಿಸಿಕೊಂಡು ಹೋಗಿರಿ.