ಪ್ರೊಬಯಾಟಿಕ್: ಯಾವುದು, ಯಾರಿಗೆ, ಎಷ್ಟು ದಿನ

ಆ್ಯಂಟಿಬಯಾಟಿಕ್ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದರೆ ಜೊತೆಗೊಂದು ಪ್ರೊಬಯಾಟಿಕ್ ಕ್ಯಾಪ್ಸೂಲಿನ ಪಟ್ಟಿಯೂ ಕೈಗೆ ಬರುವುದು ಈಗ ಮಾಮೂಲಾಗಿದೆ. ಚೀಟಿಯೇ ಇಲ್ಲದೆ, ಗ್ಯಾಸ್ ಎಂದೋ ಮಲಬದ್ಧತೆ ಎಂದೋ ತಾವಾಗಿಯೇ ಕೊಂಡು ತಿಂಗಳುಗಟ್ಟಲೆ ನುಂಗುವವರೂ ಬಹಳ ಮಂದಿ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಕಲಸುವ ಮೊದಲೇ ಇದನ್ನು ಕುಡಿಸುವ ಮನೆಗಳಿವೆ. ಈ ಧಾರಾಳತನದ ಬುಡದಲ್ಲಿ ಇರುವುದು ಒಂದೇ ನಂಬಿಕೆ: ಇವು ಒಳ್ಳೆಯ ಬ್ಯಾಕ್ಟೀರಿಯಾ, ಗುಣ ಕಾಣದಿದ್ದರೆ ಹೋಗಲಿ, ಕೆಡುಕಂತೂ ಆಗುವುದಿಲ್ಲ. ಆರೋಗ್ಯವಂತರ ಮಟ್ಟಿಗೆ ಇದು ಬಹುಪಾಲು ಸರಿ. ಎಲ್ಲರ ಮಟ್ಟಿಗೂ ಸರಿಯಲ್ಲ. ಯಾರಿಗೆ ಸರಿಯಲ್ಲವೋ ಅವರಲ್ಲಿ ಕೆಲವರ ಪ್ರಾಣಕ್ಕೇ ಕುತ್ತು ಬಂದಿದೆ. ಹಾಗಾಗಿ ಪ್ರೊಬಯಾಟಿಕ್ಕನ್ನು ಟಾನಿಕ್ಕಿನಂತೆ ಕೊಳ್ಳದೆ, ಯಾವುದೇ ಔಷಧಿಯ ಬಗ್ಗೆ ಕೇಳುವ ಪ್ರಶ್ನೆಗಳನ್ನೇ ಕೇಳಿ ಕೊಳ್ಳಬೇಕು ಎಂಬುದು ನನ್ನ ವಾದ.

ಈ ಎಚ್ಚರಿಕೆಗೆ ದೊಡ್ಡ ಕಾರಣ ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಪ್ರಯೋಗ. ಮೇದೋಜೀರಕ ಗ್ರಂಥಿ ಇದ್ದಕ್ಕಿದ್ದಂತೆ ತೀವ್ರವಾಗಿ ಊದಿಕೊಂಡ ರೋಗಿಗಳಲ್ಲಿ ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳು ಹೊರನುಸುಳಿ ಸೋಂಕು ಹರಡುವುದುಂಟು. ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟರೆ ಅದನ್ನು ತಡೆಯಬಹುದು ಎಂಬ ಊಹೆ ತರ್ಕಬದ್ಧವಾಗಿಯೇ ಇತ್ತು. ಅರ್ಧದಷ್ಟು ರೋಗಿಗಳಿಗೆ ಆರು ತಳಿಗಳ ಮಿಶ್ರಣವನ್ನೂ, ಉಳಿದವರಿಗೆ ಹುಸಿ ಔಷಧಿಯನ್ನೂ ನಳಿಕೆಯ ಮೂಲಕ ಕರುಳಿಗೆ ಕೊಟ್ಟರು. 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸೋಂಕು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿತ್ತು. ಸಾವು ಮಾತ್ರ ಸಮನಾಗಿರಲಿಲ್ಲ: ಹುಸಿ ಔಷಧಿಯ ಗುಂಪಿನಲ್ಲಿ 9 ಮಂದಿ ತೀರಿಕೊಂಡಿದ್ದರೆ ಪ್ರೊಬಯಾಟಿಕ್ ಗುಂಪಿನಲ್ಲಿ 24. ಕರುಳಿಗೆ ರಕ್ತದ ಪೂರೈಕೆ ಕುಂದುವ ತೊಂದರೆ ಪ್ರೊಬಯಾಟಿಕ್ ಪಡೆದ 9 ರೋಗಿಗಳಲ್ಲಿ ಕಂಡುಬಂತು, ಇನ್ನೊಂದು ಗುಂಪಿನಲ್ಲಿ ಒಬ್ಬರಲ್ಲೂ ಇಲ್ಲ. ಇವರು ತೀರಾ ಗಂಭೀರ ಸ್ಥಿತಿಯ ರೋಗಿಗಳು, ಹೊಟ್ಟೆ ಉಬ್ಬರಕ್ಕೆ ಕ್ಯಾಪ್ಸೂಲ್ ನುಂಗುವವರಿಗೂ ಅವರಿಗೂ ಹೋಲಿಕೆಯಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ‘ಕೆಡುಕಂತೂ ಆಗುವುದಿಲ್ಲ’ ಎಂಬ ಮಾತು ಅಲ್ಲಿಗೆ ಮುಗಿಯಿತು. ಇನ್ನು ಉಳಿಯುವುದು, ಯಾರಿಗೆ ಆಗುವುದಿಲ್ಲ ಎಂಬ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ ಕರೆದ ತಜ್ಞರ ಸಭೆ 2001ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಪ್ರಯೋಜನವಾಗುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೊಬಯಾಟಿಕ್. ಜೀವಂತವಿರಬೇಕು, ಪ್ರಮಾಣ ಸಾಕಷ್ಟಿರಬೇಕು, ಪ್ರಯೋಜನ ಸಾಬೀತಾಗಿರಬೇಕು. ಮೂರನೆಯ ಷರತ್ತು ಬಹಳ ಸಲ ಮರೆತುಹೋಗುತ್ತದೆ. ಒಂದು ತಳಿಯ ಮೇಲೆ ಸಾಬೀತಾದ ಗುಣವನ್ನು ಇನ್ನೊಂದು ತಳಿಗೆ ಅಂಟಿಸಿ ಹೇಳುವುದೂ ಅಷ್ಟೇ ಸಾಮಾನ್ಯ. ರಾಜಮುಡಿಯೂ ಭತ್ತವೇ, ಸೋನಾ ಮಸೂರಿಯೂ ಭತ್ತವೇ. ಒಂದು ಬೆಳೆಯುವ ಗದ್ದೆಯಲ್ಲಿ ಇನ್ನೊಂದು ಅದೇ ಇಳುವರಿ ಕೊಡುತ್ತದೆಂದು ಯಾವ ರೈತನೂ ಹೇಳುವುದಿಲ್ಲ. ಲ್ಯಾಕ್ಟೊಬ್ಯಾಸಿಲಸ್ ಎಂದಷ್ಟೇ ಬರೆದ ಡಬ್ಬಿಯ ವಿಷಯವೂ ಹೀಗೆಯೇ. ಅಮೆರಿಕದ ಗೋರ್ಬಾಕ್ ಮತ್ತು ಗೋಲ್ಡಿನ್ 1980ರ ದಶಕದಲ್ಲಿ ಬೇರ್ಪಡಿಸಿದ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ತಳಿಗಳಲ್ಲಿ ಒಂದು. ಮಕ್ಕಳ ವಾಂತಿಭೇದಿಗೆ ಅದು ಒಳ್ಳೆಯದೆಂದು ಹಳೆಯ ಸಣ್ಣ ಅಧ್ಯಯನಗಳು ಹೇಳಿದ್ದವು. ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದಾಗ, ಕಾಯಿಲೆ ಜೋರಾದವರು ಆ ತಳಿ ಪಡೆದವರಲ್ಲಿ ಶೇ 11.8, ಪಡೆಯದವರಲ್ಲಿ ಶೇ 12.6. ಅಂದರೆ ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವಿಲ್ಲ. ಅದೇ ವರ್ಷ ಬಂದ ಕೆನಡಾದ ಅಧ್ಯಯನದಲ್ಲಿ ಬೇರೆ ಎರಡು ತಳಿಗಳ ಮಿಶ್ರಣವೂ ಸೋತಿತು.

ಹಾಗಾದರೆ ಇದೆಲ್ಲ ಸುಮ್ಮನೆ ದುಡ್ಡು ದಂಡವೇ? ಹಾಗೆ ಹೇಳುವುದೂ ತಪ್ಪಾಗುತ್ತದೆ. ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವ ಮಕ್ಕಳಿಗೆ ಆಗುವ ಭೇದಿಯ ವಿಷಯದಲ್ಲಿ ಪುರಾವೆ ತಕ್ಕಮಟ್ಟಿಗೆ ಗಟ್ಟಿಯಾಗಿದೆ. ಆರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ 33 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2019ರ ಕಾಕ್ರೇನ್ ವಿಮರ್ಶೆಯಲ್ಲಿ, ಪ್ರೊಬಯಾಟಿಕ್ ಪಡೆಯದವರಲ್ಲಿ ಶೇ 19 ಮಕ್ಕಳಿಗೆ ಭೇದಿಯಾಗಿದ್ದರೆ ಪಡೆದವರಲ್ಲಿ ಶೇ 8 ಮಕ್ಕಳಿಗೆ ಆಗಿತ್ತು. ದಿನಕ್ಕೆ 500 ಕೋಟಿ ಅಥವಾ ಅದಕ್ಕೂ ಹೆಚ್ಚು ಜೀವಾಣುಗಳು ಹೋದಾಗ ಫಲ ಹೆಚ್ಚು. ಆದರೆ ಅದೇ ಲೆಕ್ಕವನ್ನು ಹಿರಿಯರಿಗೆ ಅನ್ವಯಿಸುವಂತಿಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 65 ದಾಟಿದ ಸುಮಾರು 3,000 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡೂ ಗುಂಪುಗಳಿಗೆ ಒಂದೇ ಪ್ರಮಾಣದಲ್ಲಿ ಭೇದಿಯಾಯಿತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಇನ್ನೊಂದು ವಿಚಿತ್ರ ಸಂಗತಿ ಹೊರಗಿಟ್ಟರು: ಆ್ಯಂಟಿಬಯಾಟಿಕ್ ಮುಗಿದ ಮೇಲೆ ಹನ್ನೊಂದು ತಳಿಗಳ ಪ್ರೊಬಯಾಟಿಕ್ ತೆಗೆದುಕೊಂಡವರ ಕರುಳಿನಲ್ಲಿ ಸ್ವಂತ ಬ್ಯಾಕ್ಟೀರಿಯಾಗಳು ಮರಳಲು, ಏನನ್ನೂ ತೆಗೆದುಕೊಳ್ಳದವರಿಗಿಂತ ಹೆಚ್ಚು ಕಾಲ ಹಿಡಿಯಿತು. ಅದು ಕೆಲವೇ ಸ್ವಯಂಸೇವಕರ ಮೇಲಿನ ಅಧ್ಯಯನ, ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು. ಆದರೂ ‘ಸತ್ತ ಬ್ಯಾಕ್ಟೀರಿಯಾಗಳ ಜಾಗವನ್ನು ಮಾತ್ರೆ ತುಂಬುತ್ತದೆ’ ಎಂಬ ಜನಪ್ರಿಯ ವಿವರಣೆ ಎಷ್ಟು ಸರಳೀಕೃತ ಎಂಬುದು ಅದರಿಂದ ತಿಳಿಯುತ್ತದೆ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘ 2020ರಲ್ಲಿ ಪುರಾವೆಗಳನ್ನೆಲ್ಲ ತೂಗಿ, ಜೀರ್ಣಾಂಗದ ಹೆಚ್ಚಿನ ಕಾಯಿಲೆಗಳಿಗೆ ಪ್ರೊಬಯಾಟಿಕ್ ಶಿಫಾರಸು ಮಾಡುವಷ್ಟು ಆಧಾರವಿಲ್ಲ, ಕೆಲವೇ ಸಂದರ್ಭಗಳಲ್ಲಿ ಇದೆ ಎಂದಿತು.

ಸರಿಯಾದ ತಳಿ ಸರಿಯಾದ ದೇಹಕ್ಕೆ ಹೋದರೆ ಏನಾಗಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನೂ ಅದಕ್ಕೆ ಆಹಾರವಾಗುವ ಸಕ್ಕರೆಯನ್ನೂ ಒಂದು ವಾರ ಕೊಟ್ಟರು. ನಂಜು ಅಥವಾ ಸಾವು ಶೇ 9ರಿಂದ ಶೇ 5.4ಕ್ಕೆ ಇಳಿಯಿತು. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂದಾಗ ಜಗತ್ತಿನ ವೈದ್ಯರು ಒಡಿಶಾದ ಕಡೆ ತಿರುಗಿ ನೋಡಿದರು. ಆ ಶಿಶುಗಳೆಲ್ಲ ಹೆಚ್ಚುಕಡಿಮೆ ದಿನ ತುಂಬಿ ಹುಟ್ಟಿದವು, ತೂಕ ಎರಡು ಕಿಲೊ ಅಥವಾ ಅದಕ್ಕೂ ಹೆಚ್ಚು. ಈ ವಿವರವನ್ನು ಮರೆಯುವಂತಿಲ್ಲ. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ವೈದ್ಯರಿಗೆ ಎಚ್ಚರಿಕೆ ಪತ್ರ ಬರೆಯಬೇಕಾಯಿತು. ದಿನ ತುಂಬದೆ ಹುಟ್ಟಿದ, ಒಂದು ಕಿಲೊಗಿಂತ ಕಡಿಮೆ ತೂಕದ ಮಗುವೊಂದು ರಕ್ತದ ನಂಜಿನಿಂದ ತೀರಿಕೊಂಡಿತ್ತು. ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಮಗುವಿಗೆ ಕೊಟ್ಟ ಪ್ರೊಬಯಾಟಿಕ್‌ನಲ್ಲಿದ್ದುದೇ ಆಗಿತ್ತು. ಎರಡೂ ಕಡೆ ನವಜಾತ ಶಿಶುಗಳೇ. ಹಾಗೆಂದು ಒಂದರ ಫಲವನ್ನು ಇನ್ನೊಂದಕ್ಕೆ ನಿರೀಕ್ಷಿಸುವಂತಿಲ್ಲ.

ಅಜ್ಜಿಯ ಕಾಲದಿಂದ ಮೊಸರು, ಮಜ್ಜಿಗೆ, ಅಂಬಲಿ ಕುಡಿದು ಬದುಕಿದವರು ನಾವು, ಅದರಲ್ಲಿಯೂ ಇವೇ ಬ್ಯಾಕ್ಟೀರಿಯಾಗಳಲ್ಲವೇ ಎಂಬ ಆಕ್ಷೇಪ ಸಹಜ. ಮೊಸರು ಒಳ್ಳೆಯ ಆಹಾರವೆಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರೊಟೀನ್ ಇದೆ, ಕ್ಯಾಲ್ಸಿಯಂ ಇದೆ, ಹಾಲು ಒಗ್ಗದ ಎಷ್ಟೋ ಮಂದಿಗೆ ಮೊಸರು ಒಗ್ಗುತ್ತದೆ. ಆದರೆ ಮನೆಮನೆಯ ಹೆಪ್ಪಿನಲ್ಲಿ ಇರುವ ಜೀವಿಗಳು ಬೇರೆಬೇರೆ. ಯಾವುದು ಎಷ್ಟಿದೆ, ಎಷ್ಟು ಹೊಟ್ಟೆಯ ಆಮ್ಲ ದಾಟುತ್ತದೆ ಎಂದು ಯಾರೂ ಅಳೆದಿರುವುದಿಲ್ಲ. ಮಜ್ಜಿಗೆಹುಳಿ ಕುದಿಸಿದ ಮೇಲೆ, ಇಡ್ಲಿ ಬೇಯಿಸಿದ ಮೇಲೆ ಅವು ಬದುಕಿರುವುದೂ ಇಲ್ಲ. ಅಡುಗೆಯ ರುಚಿಗೂ ಪೋಷಣೆಗೂ ಅದರಿಂದ ನಷ್ಟವೇನಿಲ್ಲ. ಕ್ಯಾಪ್ಸೂಲಿನ ಕಥೆಯೇ ಬೇರೆ. ಆಯ್ದ ಒಂದೆರಡು ತಳಿಗಳನ್ನು ನೂರಾರು ಕೋಟಿಗಳ ಲೆಕ್ಕದಲ್ಲಿ ಒಟ್ಟುಗೂಡಿಸಿ ಕರುಳಿನವರೆಗೆ ಬದುಕಿ ಹೋಗುವಂತೆ ತಯಾರಿಸಿರುತ್ತಾರೆ. ಅಷ್ಟು ಶಕ್ತಿಯ ವಸ್ತುವನ್ನು ಮೊಸರಿನ ಸಲುಗೆಯಲ್ಲಿ ಬಳಸಬಾರದು. ಆರೋಗ್ಯವಾಗಿರುವವರು ನಿತ್ಯ ಒಂದು ಬಟ್ಟಲು ಮೊಸರು, ಸೊಪ್ಪು, ಕಾಳು, ರಾಗಿ ತಿಂದರೆ ಸಾಕು. ಕ್ಯಾಪ್ಸೂಲಿನ ಅಗತ್ಯ ಅವರಿಗಿಲ್ಲ.

ಅಪಾಯ ಯಾರಿಗೆ ಎಂಬುದು ಈಗ ಸಾಕಷ್ಟು ಸ್ಪಷ್ಟ. ಕೀಮೋಥೆರಪಿಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ನುಂಗುವವರು, ಐಸಿಯುನಲ್ಲಿರುವವರು, ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ಬಹುಭಾಗ ಕಳೆದುಕೊಂಡವರು, ದಿನ ತುಂಬದ ಶಿಶುಗಳು, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು. ಇವರಿಗೆ ಮನೆಯವರು ತಾವಾಗಿ ಪ್ರೊಬಯಾಟಿಕ್ ಕೊಡಲೇಬಾರದು. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯೊಂದರ ಐಸಿಯುನಲ್ಲಿ ಪ್ರೊಬಯಾಟಿಕ್ ಪಡೆದ 522 ರೋಗಿಗಳಲ್ಲಿ 6 ಮಂದಿಯ ರಕ್ತದಲ್ಲಿ ಅದೇ ಲ್ಯಾಕ್ಟೊಬ್ಯಾಸಿಲಸ್ ಸಿಕ್ಕಿತ್ತೆಂದು 2019ರಲ್ಲಿ ವರದಿಯಾಯಿತು. ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬುದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಫ್ರಾನ್ಸಿನ ಬೌಲಾರ್ ಎಂಬುವರು 1920ರ ದಶಕದಲ್ಲಿ ಇಂಡೊಚೀನಾದ ಹಣ್ಣುಗಳಿಂದ ಬೇರ್ಪಡಿಸಿದ್ದು. ಅದರ ಪೊಟ್ಟಣ ಒಡೆದಾಗ ಹಾರುವ ಕಣಗಳು, ಕೈಗೆ ಅಂಟಿದ ಪುಡಿ ಇವುಗಳಿಂದಲೇ ಪಕ್ಕದ ರೋಗಿಯ ನಳಿಕೆಯೊಳಗೆ ಯೀಸ್ಟ್ ಸೇರಿದ ಪ್ರಕರಣಗಳಿವೆ. ಆದ್ದರಿಂದ ಇಂಥ ರೋಗಿ ಮನೆಯಲ್ಲಿದ್ದರೆ, ಬೇರೆಯವರಿಗಾಗಿ ತಂದ ಪೊಟ್ಟಣವನ್ನೂ ಆ ಕೋಣೆಯಲ್ಲಿ ಒಡೆಯಬೇಡಿ, ಕೈ ಸೋಪಿನಿಂದ ತೊಳೆದು ಬನ್ನಿ. ಶಿಲೀಂಧ್ರನಾಶಕ ಮಾತ್ರೆಯ ಜೊತೆ ಈ ಯೀಸ್ಟ್ ತೆಗೆದುಕೊಂಡರೆ ಅದು ಸಾಯುತ್ತದೆ, ಪ್ರಯೋಜನವಿಲ್ಲ.

ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಆಹಾರದ ವರ್ಗದಲ್ಲಿ ಮಾರುವ ಪ್ರೊಬಯಾಟಿಕ್‌ಗೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಜೀವಾಣುಗಳಿರಬೇಕು, ತಳಿಯ ಗುರುತು ಮುದ್ರಿಸಿರಬೇಕು ಎಂಬುದು ನಮ್ಮ ಎಫ್‌ಎಸ್‌ಎಸ್‌ಎಐ ನಿಯಮ. ಹೆಸರಿನ ಕೊನೆಗೆ ಅಕ್ಷರವೋ ಅಂಕಿಯೋ ಇಲ್ಲದೆ ಜಾತಿಯ ಹೆಸರು ಮಾತ್ರ ಇದ್ದರೆ ಅದನ್ನು ಬಿಡುವುದೇ ಲೇಸು. ಫ್ರಿಜ್‌ನಲ್ಲಿಡಿ ಎಂದಿದ್ದರೆ ಅಂಗಡಿಯವರೂ ಫ್ರಿಜ್‌ನಿಂದಲೇ ತೆಗೆದುಕೊಟ್ಟರೇ ಎಂದು ನೋಡಿ. ಬಿಸಿ ಹಾಲಿಗೆ, ಕಾಫಿಗೆ ಬೆರೆಸಬಾರದು. ಆ್ಯಂಟಿಬಯಾಟಿಕ್ ಜೊತೆಗಾದರೆ ಎರಡರ ನಡುವೆ ಸುಮಾರು ಎರಡು ಗಂಟೆ ಅಂತರವಿರಲಿ. ಮಗುವಿನ ಭೇದಿಗೆ ಜೀವ ಉಳಿಸುವುದು ಓಆರ್‌ಎಸ್ ಮತ್ತು ಸತುವಿನ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ದಾಟಿದ ಮಕ್ಕಳಿಗೆ ಸತುವನ್ನು 10ರಿಂದ 14 ದಿನ ಕೊಡಲು ಹೇಳಿದೆ. ಪ್ರೊಬಯಾಟಿಕ್ ಅವೆರಡರ ಜಾಗಕ್ಕೆ ಬರಬಾರದು.

ನನಗೆ ಇದರಿಂದ ನೆಮ್ಮದಿ ಸಿಕ್ಕಿದೆ ಎನ್ನುವವರ ಅನುಭವವನ್ನು ತಳ್ಳಿಹಾಕುವುದಿಲ್ಲ. ಕರುಳಿನ ಎಷ್ಟೋ ತೊಂದರೆಗಳು ಬಂದುಹೋಗುವಂಥವು. ತಾನಾಗಿ ಇಳಿದದ್ದನ್ನು ಮಾತ್ರೆಯ ಲೆಕ್ಕಕ್ಕೆ ಬರೆಯುವುದು ಸುಲಭ. ಹೊಟ್ಟೆನೋವು, ಭೇದಿ, ಮಲಬದ್ಧತೆ ಸರದಿಯಾಗಿ ಕಾಡುವ ಐಬಿಎಸ್ ತೊಂದರೆಯವರು 12 ವಾರಗಳವರೆಗೆ ಪ್ರಯತ್ನಿಸಿ, ಗುಣ ಕಾಣದಿದ್ದರೆ ನಿಲ್ಲಿಸಬೇಕು ಎಂದು ಬ್ರಿಟನ್ನಿನ ಜೀರ್ಣಾಂಗ ತಜ್ಞರ ಸಂಘ 2021ರಲ್ಲಿ ಹೇಳಿದ್ದು ನನಗೆ ನ್ಯಾಯವೆನಿಸುತ್ತದೆ. ಆದರೆ ಐಬಿಎಸ್ ಎಂಬುದನ್ನು ವೈದ್ಯರು ನಿಶ್ಚಯಿಸಿರಬೇಕು. ಮಲದಲ್ಲಿ ರಕ್ತ ಕಂಡವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯವರು, ರಕ್ತಹೀನತೆ ಇರುವವರು, ಐವತ್ತರ ಆಸುಪಾಸಿನಲ್ಲಿ ಮಲವಿಸರ್ಜನೆಯ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾದವರು ಕ್ಯಾಪ್ಸೂಲ್ ನುಂಗಿ ಎರಡು ಮೂರು ತಿಂಗಳು ಕಾಯುವುದು ಬೇಡ, ಅದೇ ವಾರ ವೈದ್ಯರ ಬಳಿ ಹೋಗಲಿ. ಕರುಳಿನ ಕ್ಯಾನ್ಸರ್ ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುವ ಸಾಧ್ಯತೆ ಹೆಚ್ಚು.