ಮಾರ್ಪಡಿಸಿದ ಪಿಎಸ್‌ಪಿ ಸಾಧನಗಳಲ್ಲಿ ಮೆಮೊರಿ ದೋಷ: ವರ್ತಕರು ಅರಿಯಬೇಕಾದ ಅಂಶಗಳು

ಸೋನಿ ಸಂಸ್ಥೆಯು ಪ್ಲೇಸ್ಟೇಷನ್ ಪೋರ್ಟಬಲ್, ಅಂದರೆ ಪಿಎಸ್‌ಪಿ ಎಂಬ ಕೈಗೇಮ್ ಸಾಧನವನ್ನು 2004ರ ಡಿಸೆಂಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ತಂದಿತು. ಜಗತ್ತಿನಾದ್ಯಂತ ಸುಮಾರು 8 ಕೋಟಿ ಸಾಧನಗಳು ಮಾರಾಟವಾದ ಬಳಿಕ 2014ರಲ್ಲಿ ಇದರ ಪೂರೈಕೆ ನಿಂತಿತು. ಆದರೆ ಹಳೆಯ ಸಾಧನಗಳ ಮರುಮಾರಾಟ, ದುರಸ್ತಿ ಹಾಗೂ ಬಿಡಿಭಾಗಗಳ ವ್ಯವಹಾರ ಇಂದಿಗೂ ಮುಂದುವರಿದಿದೆ. ಇವುಗಳಲ್ಲಿ ಅನೇಕ ಸಾಧನಗಳ ಮೂಲ ಫರ್ಮ್‌ವೇರನ್ನು ಬದಲಿಸಲಾಗಿರುತ್ತದೆ. ಇಂತಹ ಸಾಧನದಲ್ಲಿ ದೋಷ ಕಂಡೊಡನೆ ಮಾರ್ಪಾಡನ್ನೇ ದೂರುವುದು ವಾಡಿಕೆ. ವಾಸ್ತವವಾಗಿ ದೋಷವು ಬಹುಮಟ್ಟಿಗೆ ಮೆಮೊರಿ ಕಾರ್ಡಿನಲ್ಲಿಯೇ ಇರುತ್ತದೆ. ಕಾರ್ಡನ್ನು ಮಾರಿದ ವರ್ತಕನ ಹಣವೂ ಹೆಸರೂ ಇಲ್ಲಿ ಪಣಕ್ಕಿರುವುದರಿಂದ ದೋಷದ ಮೂಲವನ್ನು ಕ್ರಮವಾಗಿ ಪತ್ತೆಹಚ್ಚುವ ವಿಧಾನವನ್ನು ತಿಳಿದಿರುವುದು ಅವಶ್ಯಕ.

ಕಾರ್ಡು ಮತ್ತು ಅಡಾಪ್ಟರ್

ಪಿಎಸ್‌ಪಿಯು ಮೆಮೊರಿ ಸ್ಟಿಕ್ ಪ್ರೊ ಡ್ಯುಯೊ ಎಂಬ, ಸೋನಿಯ ಸ್ವಂತ ಮಾದರಿಯ ಕಾರ್ಡನ್ನು ಬಳಸುತ್ತದೆ. ಈ ಕಾರ್ಡಿನ ಗರಿಷ್ಠ ಸಾಮರ್ಥ್ಯ 32 ಜಿಬಿ. ಅಸಲಿ ಕಾರ್ಡುಗಳು ಈಗ ವಿರಳವಾಗಿದ್ದು, ದೊರೆತರೂ ದುಬಾರಿ. ಆದುದರಿಂದ ಮೈಕ್ರೊ ಎಸ್‌ಡಿ ಕಾರ್ಡನ್ನು ಒಳಗೆ ಸೇರಿಸಿಕೊಳ್ಳುವ ಅಡಾಪ್ಟರ್ ಪ್ರಚಾರಕ್ಕೆ ಬಂದಿದೆ. ಒಂದು ಕಾರ್ಡಿನ ಅಡಾಪ್ಟರ್ ಸರಳವಾದುದು. ಎರಡು ಕಾರ್ಡು ಹಿಡಿಸುವ ಅಡಾಪ್ಟರ್ ಎರಡನ್ನೂ ಒಂದೇ ಕಾರ್ಡೆಂಬಂತೆ ಸಾಧನಕ್ಕೆ ತೋರಿಸುತ್ತದೆ. ಎರಡರಲ್ಲಿ ಒಂದು ಕೆಟ್ಟರೂ ಅಥವಾ ಹೊರತೆಗೆದರೂ ಒಟ್ಟು ಸಂಗ್ರಹವೇ ಓದಲು ಬಾರದಂತಾಗುತ್ತದೆ. ಗ್ರಾಹಕರಿಗೆ ಇದನ್ನು ಮಾರುವ ಮುನ್ನವೇ ತಿಳಿಸುವುದು ಕ್ಷೇಮ.

ಪತ್ತೆಯ ಕ್ರಮ

ಖರ್ಚಿಲ್ಲದ ಪರೀಕ್ಷೆ ಮೊದಲು, ಸಮಯ ಹಿಡಿಯುವ ಪರೀಕ್ಷೆ ಅನಂತರ ಎಂಬುದು ಇಲ್ಲಿನ ಸೂತ್ರ. ಎಲ್ಲಕ್ಕೂ ಮೊದಲು ಗ್ರಾಹಕರು ಉಳಿಸಿಕೊಂಡಿರುವ ಆಟದ ಪ್ರಗತಿ, ಛಾಯಾಚಿತ್ರ ಮುಂತಾದವುಗಳಲ್ಲಿ ಓದಲು ಬರುವಷ್ಟನ್ನು ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳಬೇಕು. ಫಾರ್ಮ್ಯಾಟ್ ಮಾಡಿದರೆ ಕಾರ್ಡಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಮೊದಲನೆಯದಾಗಿ, ಕಾರ್ಡನ್ನೂ ಅಡಾಪ್ಟರನ್ನೂ ಹೊರತೆಗೆದು ಲೋಹದ ಸಂಪರ್ಕಗಳನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಸೇರಿಸಬೇಕು. ಸಾಧನದ ಕಾರ್ಡು ಸೂಚಕ ದೀಪ ಮಿನುಗುತ್ತಿರುವಾಗ ಕಾರ್ಡನ್ನು ಎಳೆಯಬಾರದು. ಬರೆಯುವ ಕ್ರಿಯೆ ಅರ್ಧದಲ್ಲಿ ನಿಂತರೆ ಕಡತಗಳು ಕೆಡುತ್ತವೆ. ಬ್ಯಾಟರಿ ಬಲಹೀನವಾಗಿ ಸಾಧನವು ತಾನಾಗಿಯೇ ಆರಿಹೋದಾಗಲೂ ಇದೇ ಪರಿಣಾಮ. ಉಬ್ಬಿದ ಬ್ಯಾಟರಿ ಕಂಡುಬಂದರೆ ಅದನ್ನು ಚುಚ್ಚದೆ, ಒತ್ತದೆ ಕೂಡಲೇ ಬದಲಿಸಬೇಕು.

ಎರಡನೆಯದಾಗಿ, ಫಾರ್ಮ್ಯಾಟನ್ನು ಪರಿಶೀಲಿಸಬೇಕು. ಪಿಎಸ್‌ಪಿಗೆ ಎಫ್‌ಎಟಿ32 ಕ್ರಮ ತಿಳಿಯುತ್ತದೆ. ಎಕ್ಸ್‌ಎಫ್‌ಎಟಿ ಕ್ರಮ ತಿಳಿಯುವುದಿಲ್ಲ. 32 ಜಿಬಿವರೆಗಿನ ಮೈಕ್ರೊ ಎಸ್‌ಡಿಎಚ್‌ಸಿ ಕಾರ್ಡುಗಳು ಎಫ್‌ಎಟಿ32 ಕ್ರಮದಲ್ಲಿ ಬರುತ್ತವೆ. 64 ಜಿಬಿ ಹಾಗೂ ಅದಕ್ಕೆ ಮೇಲ್ಪಟ್ಟ ಎಸ್‌ಡಿಎಕ್ಸ್‌ಸಿ ಕಾರ್ಡುಗಳು ಎಕ್ಸ್‌ಎಫ್‌ಎಟಿ ಕ್ರಮದಲ್ಲಿ ಬರುತ್ತವೆ. ಹೊಸದಾಗಿ ಕೊಂಡ 64 ಜಿಬಿ ಕಾರ್ಡು ಫೋನಿನಲ್ಲಿ ಕೆಲಸ ಮಾಡಿ ಪಿಎಸ್‌ಪಿಯಲ್ಲಿ ಮಾಡದಿರುವುದಕ್ಕೆ ಇದೇ ಸಾಮಾನ್ಯ ಕಾರಣ. ಕಾರ್ಡು ಕೆಟ್ಟಿರುವುದಿಲ್ಲ. ಎಫ್‌ಎಟಿ32ಕ್ಕೆ ಬದಲಿಸಿದರೆ ಸಾಕು. ಎಫ್‌ಎಟಿ32ರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತ ಹಿಡಿಸುವುದಿಲ್ಲ ಎಂಬುದೂ ನೆನಪಿರಬೇಕು.

ಮೂರನೆಯದಾಗಿ, ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ ನೋಡಬೇಕು. ಪರೀಕ್ಷಿತ ಕಾರ್ಡನ್ನು ಅದೇ ಅಡಾಪ್ಟರಿನಲ್ಲಿ ಹಾಕಿದಾಗ ಸರಿಹೋದರೆ ದೋಷ ಕಾರ್ಡಿನದು. ಸರಿಹೋಗದಿದ್ದರೆ ಅಡಾಪ್ಟರನ್ನು ಬದಲಿಸಬೇಕು. ಅದೂ ವಿಫಲವಾದರೆ ಮಾತ್ರ ಸಾಧನದ ಸ್ಲಾಟಿನ ಮೇಲೆ ಅನುಮಾನಪಡಬಹುದು.

ನಾಲ್ಕನೆಯದಾಗಿ, ಸಾಧನದ ಆಂತರಿಕ ಮೆಮೊರಿಯನ್ನು ಗಮನಿಸಬೇಕು. ಮೊದಲ ಮಾದರಿಯಾದ ಪಿಎಸ್‌ಪಿ-1000ದಲ್ಲಿ 32 ಎಂಬಿ ರ‍್ಯಾಮ್ ಇದ್ದಿತು. 2007ರ ಪಿಎಸ್‌ಪಿ-2000ದಲ್ಲಿ ಅದನ್ನು 64 ಎಂಬಿಗೆ ಏರಿಸಲಾಯಿತು. ಮಾರ್ಪಡಿಸಿದ ಫರ್ಮ್‌ವೇರಿಗೆ ಸೇರಿಸುವ ಪ್ಲಗಿನ್‌ಗಳು ಈ ಅಲ್ಪ ಸ್ಥಳದಲ್ಲಿಯೇ ಪಾಲು ಕೇಳುತ್ತವೆ. ಆಟ ಆರಂಭವಾಗುವಾಗಲೇ ಸಾಧನ ಸ್ತಬ್ಧವಾದರೆ ಪ್ಲಗಿನ್‌ಗಳನ್ನೆಲ್ಲ ನಿಲ್ಲಿಸಿ, ಬಳಿಕ ಒಂದೊಂದಾಗಿ ಚಾಲೂ ಮಾಡಿ ನೋಡಬೇಕು. 64 ಎಂಬಿಯನ್ನು ನಿರೀಕ್ಷಿಸುವ ತಂತ್ರಾಂಶ ಹಳೆಯ ಮಾದರಿಯಲ್ಲಿ ನಡೆಯದಿದ್ದರೆ ಅದು ಕಾರ್ಡಿನ ದೋಷವಲ್ಲ.

ಹುಸಿ ಸಾಮರ್ಥ್ಯದ ಕಾರ್ಡುಗಳು

ವರ್ತಕರಿಗೆ ನಿಜವಾದ ನಷ್ಟ ತರುವುದು ಐದನೆಯ ಕಾರಣ. ಕಾರ್ಡಿನೊಳಗೆ ಮಾಹಿತಿ ಸಂಗ್ರಹಿಸುವ ಚಿಪ್ಪಿನ ಜೊತೆಗೆ ನಿಯಂತ್ರಕವೊಂದು ಇರುತ್ತದೆ. ತನ್ನ ಸಾಮರ್ಥ್ಯವೆಷ್ಟು ಎಂದು ಗಣಕಯಂತ್ರಕ್ಕೆ ಹೇಳುವುದು ಈ ನಿಯಂತ್ರಕವೇ. ವಂಚಕರು 8 ಜಿಬಿ ಚಿಪ್ಪನ್ನು ಇಟ್ಟು ನಿಯಂತ್ರಕವು 64 ಜಿಬಿ ಎಂದು ಹೇಳುವಂತೆ ಮಾಡುತ್ತಾರೆ. ಮೊದಲ 8 ಜಿಬಿ ತುಂಬುವವರೆಗೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಆಮೇಲೆ ಬರೆದದ್ದು ಹಿಂದಿನದರ ಮೇಲೆ ಕುಳಿತುಕೊಳ್ಳುತ್ತದೆ ಅಥವಾ ಎಲ್ಲಿಯೂ ದಾಖಲಾಗದೆ ಹೋಗುತ್ತದೆ. ಕಡತಗಳ ಹೆಸರಿನ ಪಟ್ಟಿ ಬೇರೆಡೆ ಉಳಿದಿರುವುದರಿಂದ ಹೆಸರು ಕಾಣುತ್ತದೆ, ಒಳಗೆ ಹುರುಳಿರುವುದಿಲ್ಲ. ಕೊಂಡ ದಿನ ಚೆನ್ನಾಗಿದ್ದ ಕಾರ್ಡು ತಿಂಗಳು ಕಳೆದ ಮೇಲೆ ಕೆಡುವುದು ಈ ಕಾರಣದಿಂದಲೇ. ಹಾಗೆ ಕಳೆದುಹೋದ ಮಾಹಿತಿಯನ್ನು ಯಾವ ದುರಸ್ತಿಯೂ ಮರಳಿ ತರಲಾರದು.

ಫಾರ್ಮ್ಯಾಟ್ ಮಾಡುವುದರಿಂದ ಈ ಮೋಸ ಹೊರಬೀಳದು. ಕಾರ್ಡನ್ನು ಪೂರ್ಣ ತುಂಬಿಸಿ, ಮತ್ತೆ ಓದಿ, ಬರೆದದ್ದಕ್ಕೆ ತಾಳೆ ನೋಡುವುದೊಂದೇ ದಾರಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಸೆಕೆಂಡಿಗೆ 10 ಎಂಬಿ ವೇಗದಲ್ಲಿ 32 ಜಿಬಿ ಕಾರ್ಡನ್ನು ತುಂಬಿಸಲು ಸುಮಾರು 53 ನಿಮಿಷ ಬೇಕು. ಓದುವ ಸಮಯ ಬೇರೆ. ಖಾಲಿ ಕಾರ್ಡಿನ ಮೇಲೆಯೇ ಈ ಪರೀಕ್ಷೆ ನಡೆಸತಕ್ಕದ್ದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. 32 ಜಿಬಿ ಎಂದು ಮುದ್ರಿತವಾದ ಅಸಲಿ ಕಾರ್ಡು ವಿಂಡೋಸ್‌ನಲ್ಲಿ ಸುಮಾರು 29.8 ಜಿಬಿ ಎಂದು ಕಾಣಬಹುದು. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದೇ ಇದಕ್ಕೆ ಕಾರಣ. ಇದು ಮೋಸವಲ್ಲ.

ಸಗಟು ಖರೀದಿಯಲ್ಲಿ ಎಚ್ಚರ

ಸಗಟಾಗಿ ಬಂದ ಸರಕಿನಲ್ಲಿ ಪ್ರತಿಯೊಂದು ಕಾರ್ಡನ್ನೂ ಪರೀಕ್ಷಿಸುವುದು ಕಷ್ಟಸಾಧ್ಯ. ಆದರೆ ಒಂದೆರಡನ್ನು ನೋಡಿ ತೃಪ್ತಿಪಡುವುದೂ ಸಲ್ಲದು. ದೊಡ್ಡ ಸರಕಿನಲ್ಲಿ ಶೇಕಡಾ 10 ಹುಸಿ ಕಾರ್ಡುಗಳಿವೆ ಎಂದಿಟ್ಟುಕೊಂಡರೆ, ಒಂದೇ ಕಾರ್ಡು ಪರೀಕ್ಷಿಸಿದಾಗ ಮೋಸ ಸಿಕ್ಕಿಬೀಳುವ ಸಂಭವ ಶೇಕಡಾ 10 ಮಾತ್ರ. ಮನಬಂದಂತೆ ಆರಿಸಿದ 10 ಕಾರ್ಡುಗಳನ್ನು ಪರೀಕ್ಷಿಸಿದರೆ ಅದು ಶೇಕಡಾ 65ಕ್ಕೆ, 22 ಕಾರ್ಡುಗಳಾದರೆ ಶೇಕಡಾ 90ಕ್ಕೆ ಏರುತ್ತದೆ. ಕಾರ್ಡುಗಳನ್ನು ಒಂದೇ ಪೆಟ್ಟಿಗೆಯ ಮೇಲ್ಪದರದಿಂದ ಆರಿಸದೆ ಎಲ್ಲ ಪೆಟ್ಟಿಗೆಗಳಿಂದಲೂ ಆರಿಸಬೇಕು. ಪರೀಕ್ಷೆಯಲ್ಲಿ ವಿಫಲವಾದ ಸರಕನ್ನು ಮರಳಿಸುವ ಷರತ್ತನ್ನು ಖರೀದಿ ಆದೇಶದಲ್ಲಿಯೇ ಬರೆಸಿ, ಬಿಲ್ಲನ್ನೂ ಪರೀಕ್ಷಾ ವರದಿಯನ್ನೂ ಜೋಪಾನ ಮಾಡಬೇಕು.

ಕಾನೂನಿನ ಎಲ್ಲೆ

ಹೆಸರಾಂತ ಕಂಪನಿಗಳ ಸುಳ್ಳು ಮುದ್ರೆಯುಳ್ಳ ಸರಕನ್ನು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಂತೆ ಅಪರಾಧ. ಇದಕ್ಕೆ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಸಾಕಷ್ಟು ಎಚ್ಚರ ವಹಿಸಿದ್ದೆನೆಂದು ತೋರಿಸಬೇಕಾದ ಹೊಣೆ ಮಾರಾಟಗಾರನದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿಯಲ್ಲಿ ಗ್ರಾಹಕರು ಪರಿಹಾರವನ್ನೂ ಕೋರಬಹುದು.

ಮೆಮೊರಿ ದೋಷ ನಿವಾರಣೆ ಒಂದು ಸೇವೆ. ಪರವಾನಗಿಯಿಲ್ಲದ ಆಟಗಳನ್ನು ಕಾರ್ಡಿಗೆ ತುಂಬಿಸಿ ಮಾರುವುದು ಬೇರೆಯೇ ಸಂಗತಿ. ಅದು 1957ರ ಕೃತಿಸ್ವಾಮ್ಯ ಕಾಯಿದೆಯ ಉಲ್ಲಂಘನೆ. ಉಲ್ಲಂಘನೆಯ ಉದ್ದೇಶದಿಂದ ರಕ್ಷಣಾ ತಂತ್ರವನ್ನು ಭೇದಿಸುವುದನ್ನೂ 2012ರ ತಿದ್ದುಪಡಿ ಶಿಕ್ಷಾರ್ಹಗೊಳಿಸಿದೆ. ದುರಸ್ತಿ ಮಳಿಗೆಯವರು ಈ ಎರಡನ್ನೂ ಬೆರೆಸದಿರುವುದು ಲೇಸು.

ಒಂದು ಕಾರ್ಡಿನಲ್ಲಿ ದೊರೆಯುವ ಲಾಭ ಅಲ್ಪ. ಆ ಕಾರ್ಡು ಹುಸಿಯೆಂದು ತಿಳಿದ ಗ್ರಾಹಕರು ಮಾತ್ರ ಅಂಗಡಿಯ ಇತರ ಸರಕನ್ನೂ ಸಂಶಯದಿಂದಲೇ ನೋಡುತ್ತಾರೆ. ಒಂದು ಗಣಕಯಂತ್ರ, ಒಂದು ಕಾರ್ಡು ರೀಡರ್ ಹಾಗೂ ಉಚಿತ ತಂತ್ರಾಂಶ ಇದ್ದರೆ ಅಂಗಡಿ ಮುಚ್ಚಿದ ಮೇಲೆ ರಾತ್ರಿಯಿಡೀ ಪರೀಕ್ಷೆ ನಡೆಯಬಲ್ಲದು. ಪರೀಕ್ಷೆ ಮುಗಿದ ಕಾರ್ಡಿನ ಮೇಲೆ ದಿನಾಂಕದ ಚೀಟಿ ಅಂಟಿಸಿ ಮಾರುವ ವರ್ತಕರಿಗೆ ಗ್ರಾಹಕರೊಡನೆ ವಾದಿಸುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.