ಆಧಾರ್‌ನ ಹನ್ನೆರಡನೇ ಅಂಕಿಗೆ ಏನು ಗೊತ್ತು, ಏನು ಗೊತ್ತಿಲ್ಲ

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸೈಬರ್ ಸೆಂಟರ್‌ಗಳಲ್ಲಿ ನಾನು ಪದೇ ಪದೇ ಕೇಳಿರುವ ಮಾತು: 'ಆಧಾರ್ ತಗೊಳವಲ್ದ್ರೀ.' ಕೂಲಿ ಯಾಕೆ ಬಂದಿಲ್ಲ ಅಂತ ವಿಚಾರಿಸಲು ಬಂದ ಹೆಣ್ಣುಮಕ್ಕಳು ಇದನ್ನು ಕೇಳಿ ಕಾರ್ಡನ್ನೇ ಹಿಂದೆ ಮುಂದೆ ತಿರುಗಿಸಿ ನೋಡ್ತಾರೆ, ತಪ್ಪು ಆ ನಂಬರಿನಲ್ಲೇ ಇದೆಯೇನೋ ಅನ್ನುವ ಹಾಗೆ. ಸಂಖ್ಯೆಯ ಮೇಲೆ ಈ ಅನುಮಾನ ಅನ್ಯಾಯ. ಯಾಕೆ ಅಂತ ಹೇಳ್ತೀನಿ.

ಆಧಾರ್‌ನಲ್ಲಿ 12 ಅಂಕಿ. ಅದು 0 ಅಥವಾ 1ರಿಂದ ಶುರುವಾಗಲ್ಲ. ನಿಮ್ಮ ಜಿಲ್ಲೆ, ಜಾತಿ, ಹುಟ್ಟಿದ ವರ್ಷ ಯಾವುದೂ ಅದರಲ್ಲಿ ಅಡಗಿಲ್ಲ. ಮೊದಲ 11 ಅಂಕಿಗಳಿಗೆ ಯಾವ ಅರ್ಥವೂ ಇಲ್ಲ. 12ನೆಯದು ಮಾತ್ರ ಆ 11ರಿಂದ ಲೆಕ್ಕ ಹಾಕಿ ಇಟ್ಟ ಕಾವಲುಗಾರ. ಹೀಗಾಗಿ ಸಾಧ್ಯವಿರುವ ಆಧಾರ್ ಸಂಖ್ಯೆಗಳು ಒಟ್ಟು 8,000 ಕೋಟಿ. ಬಾಯಿಗೆ ಬಂದ ನಂಬರ್ ಹೇಳಿದರೆ ಈ ಕಾವಲು ದಾಟುವುದು ಹತ್ತರಲ್ಲಿ ಒಂದೇ.

ಅಂಕಿಗಳನ್ನೆಲ್ಲ ಕೂಡಿ ಕೊನೆಯ ಅಂಕಿ ಇಟ್ಟರೆ ಸಾಲದಾ? ಸಾಲದು. 45ರ ಬದಲು 54 ಒತ್ತಿದರೂ ಮೊತ್ತ 9. ಟೈಪ್ ಮಾಡುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು ಎರಡು: ಒಂದು ಅಂಕಿ ಬದಲಾಗೋದು, ಅಕ್ಕಪಕ್ಕದ ಎರಡು ಅದಲುಬದಲಾಗೋದು. ಎರಡನ್ನೂ ಒಂದೂ ಬಿಡದೆ ಹಿಡಿಯುವ ಉಪಾಯವನ್ನು 1969ರಲ್ಲಿ ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ ಪ್ರಕಟಿಸಿದರು. ಆಧಾರ್ ಬಳಸುವುದು ಅದನ್ನೇ. ರಟ್ಟಿನಲ್ಲಿ ಐದು ಸಮ ಬದಿಗಳ ಆಕೃತಿ ಕತ್ತರಿಸಿ. ಅದೇ ಜಾಗದಲ್ಲಿ ಸರಿಯಾಗಿ ಕೂರುವಂತೆ ಅದನ್ನು ತಿರುಗಿಸುವ ಬಗೆ 5 (ಇದ್ದ ಹಾಗೇ ಬಿಡೋದೂ ಸೇರಿ), ಮಗುಚಿ ಇಡುವ ಬಗೆ 5. ಒಟ್ಟು 10, ನಮ್ಮ ಅಂಕಿಗಳಷ್ಟೇ! ಮೊದಲು ತಿರುಗಿಸಿ ಆಮೇಲೆ ಮಗುಚಿದರೆ ಒಂದು ಫಲ, ಮಗುಚಿ ತಿರುಗಿಸಿದರೆ ಇನ್ನೊಂದು. ವೆರ್ಹೂಫ್ ಅಂಕಿಗಳನ್ನು ಕೂಡುವುದಿಲ್ಲ. ಸ್ಥಾನ ನೋಡಿ ಒಂದೊಂದನ್ನೂ ಬದಲಿಸಿಕೊಂಡು, ಈ ಚಲನೆಗಳಂತೆ ಸಾಲಾಗಿ ನಡೆಸುತ್ತಾರೆ. ಕ್ರಮ ತಪ್ಪಿದರೆ ಸಿಕ್ಕಿಬೀಳುತ್ತೆ. ನನಗಂತೂ ಇದು ಆಧಾರ್‌ನಲ್ಲಿರುವ ಅತಿ ಸುಂದರ ಸಂಗತಿ. ಬಹುಶಃ ಒಂದೇ ಸುಂದರ ಸಂಗತಿ.

ಆದರೆ ಆ ಕಾವಲುಗಾರನಿಗೆ ಅಂಕಿ ಗೊತ್ತು, ಮನುಷ್ಯರು ಗೊತ್ತಿಲ್ಲ. ಅತ್ತೆಯ ನಂಬರನ್ನು ಸೊಸೆಯ ಜಾಬ್ ಕಾರ್ಡಿಗೆ ಹತ್ತಿಸಿದರೂ ಅವನ ಪ್ರಕಾರ ಎಲ್ಲ ಸರಿ. 2024ರ ಜನವರಿ 1ರಿಂದ ನರೇಗಾ ಕೂಲಿಗೆ ಆಧಾರ್ ಆಧಾರಿತ ಪಾವತಿ ಕಡ್ಡಾಯವಾದ ಮೇಲೆ ಕೂಲಿ ನಿಲ್ಲಲು ಬೇರೆ ದಾರಿಗಳೇ ಹೆಚ್ಚು. ಒಂದು ಕಡೆ 'ಹುಲಿಗೆಮ್ಮ', ಇನ್ನೊಂದು ಕಡೆ 'ಹುಲಗಮ್ಮ' ಇದ್ದರೆ ಸಾಕು. ದುಡ್ಡು ಹೋಗುವುದೂ ಕೊನೆಯದಾಗಿ ಆಧಾರ್‌ಗೆ ಜೋಡಿಸಿದ ಖಾತೆಗೆ. ದುಡಿಯಲು ಬೆಂಗಳೂರಿಗೆ ಹೋದಾಗ ತೆರೆದ ಖಾತೆ ಅದಾಗಿದ್ದರೆ, ಮಸ್ಕಿಯಲ್ಲಿ ಮಣ್ಣು ಹೊತ್ತ ಕೂಲಿ ಅಲ್ಲಿ ಹೋಗಿ ಕೂರುತ್ತೆ.

ಹಾಗಾಗಿ 'ತಗೊಳವಲ್ದು' ಅಂದವರನ್ನು ಅಲ್ಲೇ ಕೇಳಿ: ನಂಬರಾ, ಹೆಸರಾ, ಖಾತೆಯಾ? ಜಾಬ್ ಕಾರ್ಡಿನ ಹೆಸರಿಗೆ ಪಂಚಾಯಿತಿ, ಖಾತೆ ಜೋಡಣೆಗೆ ಬ್ಯಾಂಕು. ಯಾವುದು ಅಂತ ಹೇಳದೆ ಕಳಿಸಿದರೆ ಹೋಗೋದು ಒಂದು ದಿನದ ಕೂಲಿ, ಮೇಲೆ ಬಸ್ ಚಾರ್ಜು.